ಹಿತ್ತಲಲ್ಲಿ ಫಿಂಚ್ ಸಾಕ್ತೀರಾ? ಗೂಡು ಇಡೋದಷ್ಟೇ ಅಲ್ಲ, ಗೂಡು ತೆಗೆಯೋದೂ ಗೊತ್ತಿರಲಿ

ಹುಲಸೂರ: ಗೂಡಲ್ಲಿ ಐದು ಮೊಟ್ಟೆ. ನಾಲ್ಕು ಒಡೆದು ಮರಿ ಬಂದವು. ಹತ್ತು ದಿನದೊಳಗೆ ಒಂದರ ಹಿಂದೆ ಒಂದು ಸತ್ತು ಗೂಡು ಖಾಲಿ. ಮನೆಯಲ್ಲಿ ಫಿಂಚ್ ಹಕ್ಕಿ ಸಾಕುವವರು ಎಲ್ಲೇ ಸೇರಲಿ, ಈ ಮಾತು ಬಂದೇ ಬರುತ್ತದೆ. ದೃಷ್ಟಿ ಆಯ್ತು ಅಂತಾರೆ, ಗಾಳಿ ಹತ್ತಿತು ಅಂತಾರೆ, ಅಂಗಡಿಯವನು ರೋಗದ ಜೋಡಿ ಕೊಟ್ಟ ಅಂತಾರೆ. ಆದರೆ ಬಹಳಷ್ಟು ಸಲ ಕಾರಣ ಇಷ್ಟು ದೂರ ಇರೋದಿಲ್ಲ. ಬಿಸಿಲು, ಖಾಲಿ ಹೊಟ್ಟು ಮತ್ತು ಅವಸರ, ಈ ಮೂರೇ ಮರಿಗಳನ್ನು ಕೊಲ್ಲುತ್ತವೆ.

ಫಿಂಚ್ ಹಕ್ಕಿ ಮರಿ ಮಾಡೋದು ಕಷ್ಟವೇ ಅಲ್ಲ. ಕಾಳು, ನೀರು, ಗೂಡು ಇದ್ದರೆ ಅದು ತಾನೇ ಮೊಟ್ಟೆ ಇಡುತ್ತದೆ, ಬೇಡ ಅಂದರೂ ಇಡುತ್ತದೆ. ಕಷ್ಟ ಇರೋದು ಯಾವಾಗ ನಿಲ್ಲಿಸಬೇಕು ಅನ್ನೋದರಲ್ಲಿ. ಬೀದರ್ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಹೊತ್ತಿಗೆ ಗೂಡಲ್ಲಿ ಮೊಟ್ಟೆಯಾಗಲಿ ಮರಿಯಾಗಲಿ ಇರಲೇಬಾರದು. ಇದೊಂದು ತಿಳಿದರೆ ಅರ್ಧ ಕೆಲಸ ಆದಂಗೆ.

ಮೊದಲು ಹಕ್ಕಿ ಯಾವುದು ನೋಡ್ರಿ

ಅಂಗಡಿಯಲ್ಲಿ ಫಿಂಚ್ ಅಂತ ಸಿಗುವ ಹಕ್ಕಿಗಳಲ್ಲಿ ಮುಖ್ಯವಾದವು ಎರಡು.

ಒಂದು ಜೀಬ್ರಾ ಫಿಂಚ್. ಇದರ ಮೂಲ ಆಸ್ಟ್ರೇಲಿಯಾ. ತೂಕ ಸುಮಾರು 12 ಗ್ರಾಂ, ಅಂದರೆ ನಮ್ಮ ಮನೆ ಗುಬ್ಬಿಯ ಅರ್ಧದಷ್ಟು. ಆಸ್ಟ್ರೇಲಿಯಾ ಸರ್ಕಾರ ತನ್ನ ಕಾಡಿನ ಹಕ್ಕಿಗಳನ್ನು ಹೊರದೇಶಕ್ಕೆ ಮಾರುವುದನ್ನು 1960ರ ಸುಮಾರಿಗೇ ನಿಲ್ಲಿಸಿದೆ. ಹಾಗಾಗಿ ಇಲ್ಲಿ ಸಿಗುವ ಜೀಬ್ರಾ ಫಿಂಚ್ ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿ ಬೆಳೆದದ್ದು.

ಎರಡನೆಯದು ಬೆಂಗಾಲೀಸ್ ಫಿಂಚ್. ಇದು ಕಾಡಲ್ಲಿ ಎಲ್ಲೂ ಇಲ್ಲ. ಬೆನ್ನ ಕೆಳಗೆ ಬಿಳಿ ಇರುವ ಒಂದು ಜಾತಿಯ ಮುನಿಯಾ ಹಕ್ಕಿಯನ್ನು ಚೀನಾ, ಜಪಾನ್ ಜನ 250 ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ಸಾಕಿ ಸಾಕಿ ಮಾಡಿದ ತಳಿ ಇದು. ಕಂದು, ಬಿಳಿ, ತಿಳಿ ಹಳದಿ ಪಟ್ಟೆಗಳು ಅಡ್ಡಾದಿಡ್ಡಿ ಇರುತ್ತವೆ. ಜಗಳ ಗೊತ್ತಿಲ್ಲದ ಹಕ್ಕಿ. ಬೇರೆಯವರ ಮೊಟ್ಟೆಗೂ ಕಾವು ಕೊಟ್ಟು, ಬೇರೆಯವರ ಮರಿಗೂ ತುತ್ತು ಕೊಡುತ್ತದೆ. ಅದಕ್ಕೇ ಜಗತ್ತಿನಾದ್ಯಂತ ಹಕ್ಕಿ ಸಾಕುವವರು ಇದನ್ನು ಸಾಕುತಾಯಿ ಮಾಡಿಕೊಳ್ಳುತ್ತಾರೆ.

ಹೊಸಬರಿಗೆ ಈ ಎರಡೇ ಸರಿ.

ಹೊಲದ ಮುನಿಯಾ ಸಾಕೋ ಹಾಗಿಲ್ಲ

ಇಲ್ಲೇ ಬಹಳ ಜನ ತಪ್ಪು ತಿಳಿಯೋದು. "ಪರದೇಶದ ಹಕ್ಕಿ ಇಟ್ಟರೆ ಕೇಸು, ನಮ್ಮ ಹೊಲದ ಹಕ್ಕಿ ಇಟ್ಟರೆ ಯಾರು ಕೇಳ್ತಾರೆ" ಅಂತಾರೆ. ಕಾನೂನು ಇದಕ್ಕೆ ಪೂರ್ತಿ ಉಲ್ಟಾ.

ಜೋಳದ ಹೊಲ, ಬೇಲಿ, ಹಳ್ಳದ ಹುಲ್ಲಲ್ಲಿ ಗುಂಪುಗುಂಪಾಗಿ ಹಾರುವ ಸಣ್ಣ ಹಕ್ಕಿಗಳು ಮುನಿಯಾ. ಕನ್ನಡ ಪುಸ್ತಕಗಳಲ್ಲಿ ಇವುಗಳಿಗೆ ರಾಟವಾಳ ಅನ್ನುತ್ತಾರೆ. ಎದೆ ಮೇಲೆ ಚುಕ್ಕೆ ಇರುವ ಚುಕ್ಕೆ ರಾಟವಾಳ, ಕೆಂಪಗೆ ಹೊಳೆಯುವ ಲಾಲ್ ಮುನಿಯಾ, ಎಲ್ಲವೂ ಫಿಂಚ್‌ಗಳ ಹತ್ತಿರದ ಬಂಧುಗಳೇ. ಆದರೆ ಇವು ನಮ್ಮ ದೇಶದ ಕಾಡುಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇವನ್ನು ಹಿಡಿಯೋದು, ಮಾರೋದು, ಕೊಳ್ಳೋದು, ಪಂಜರದಲ್ಲಿ ಇಡೋದು ಎಲ್ಲ ಅಪರಾಧ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಮಾನ್ಯ ಉಲ್ಲಂಘನೆಗೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಗಿಳಿ ಸಾಕಿದರೂ ಇದೇ ಕಾಯ್ದೆ ಬರ್ತದೆ ಅನ್ನೋದು ನೆನಪಿರಲಿ.

ಹಿಂದೆ ಈ ವ್ಯಾಪಾರ ಎಷ್ಟು ಜೋರಿತ್ತು ಅನ್ನೋದಕ್ಕೆ ಲಾಲ್ ಮುನಿಯಾದ ಹೆಸರೇ ಸಾಕ್ಷಿ. ಇಂಗ್ಲಿಷಿನಲ್ಲಿ ಅದಕ್ಕೆ ಅವಡವಟ್ ಅನ್ನುತ್ತಾರೆ. ಅದು ಅಹಮದಾಬಾದ್ ಅನ್ನೋ ಊರ ಹೆಸರೇ ಬಾಯಿಂದ ಬಾಯಿಗೆ ಕೆಟ್ಟು ಆದ ಪದ. ಒಂದು ಕಾಲಕ್ಕೆ ಅಲ್ಲಿಂದಲೇ ಈ ಹಕ್ಕಿಗಳು ಹೊರದೇಶಕ್ಕೆ ಹೋಗುತ್ತಿದ್ದವು.

ಕೊಳ್ಳುವವರು ಹುಷಾರಾಗಿರಬೇಕಾದ ಮೋಸ ಒಂದಿದೆ. ಬಲೆಗೆ ಬಿದ್ದ ಮುನಿಯಾಕ್ಕೆ ಹಸಿರು, ಹಳದಿ, ಗುಲಾಬಿ ಬಣ್ಣ ಹಚ್ಚಿ "ಫಾರಿನ್ ಫಿಂಚ್" ಅಂತ ಮಾರೋದು ದೇಶದ ಹಲವು ಕಡೆ ನಡೆದಿದೆ. ಪುಕ್ಕದ ಬುಡದಲ್ಲಿ ಬೇರೆ ಬಣ್ಣ ಕಂಡರೆ, ಮೈ ಒದ್ದೆಯಾದಾಗ ಬಣ್ಣ ಬಿಟ್ಟರೆ, ಪಂಜರದ ಸರಳಿಗೆ ಹುಚ್ಚು ಹಿಡಿದಂಗೆ ಬಡ್ಕೊಳ್ತಿದ್ದರೆ ಅದು ಹಿಡಿದ ಹಕ್ಕಿ ಅಂತ ಅನುಮಾನ ಪಡಬೇಕು. ಚೀಲದಲ್ಲಿ ತಂದು ದಾರಿ ಬದಿ ಮಾರುವವರ ಹತ್ತಿರ ಕೊಳ್ಳಬ್ಯಾಡ್ರಿ. ಅಂಗಡಿಯಲ್ಲಿ ಕೊಂಡರೆ ಹಕ್ಕಿಯ ಹೆಸರು ಬರೆದ ಬಿಲ್ ಕೇಳಿ ಇಟ್ಟುಕೊಳ್ರಿ.

ಇನ್ನು ಜಾವಾ ಗುಬ್ಬಿ. ಬೂದು ಮೈ, ಕಪ್ಪು ತಲೆ, ಬಿಳಿ ಕೆನ್ನೆ, ದಪ್ಪ ಕೆಂಪು ಕೊಕ್ಕಿನ ಇಂಡೋನೇಷ್ಯಾದ ಹಕ್ಕಿ ಇದು. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿ ಇದರ ಹೆಸರಿದೆ. ಇಂಥ ಪಟ್ಟಿಯ ಪ್ರಾಣಿ ಪಕ್ಷಿ ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ನಿಯಮ ತಂದಿದೆ. ಮರಿ ಆದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಜಾವಾ ಗುಬ್ಬಿ ಬೇಕು ಅನ್ನುವವರು ಮೊದಲು ಹತ್ತಿರದ ವಲಯ ಅರಣ್ಯ ಅಧಿಕಾರಿ ಕಚೇರಿಯಲ್ಲಿ ವಿಚಾರಿಸೋದು ಒಳ್ಳೇದು. ಜೀಬ್ರಾ ಫಿಂಚ್ ಆ ಪಟ್ಟಿಯಲ್ಲಿ ಇಲ್ಲ.

ಗಂಡು ಯಾವುದು, ಹೆಣ್ಣು ಯಾವುದು

ಜೀಬ್ರಾ ಫಿಂಚ್‌ನಲ್ಲಿ ಗುರುತು ಸುಲಭ. ಗಂಡಿಗೆ ಕೆನ್ನೆ ಮೇಲೆ ಕಿತ್ತಳೆ ಮಚ್ಚೆ, ಎದೆ ಮೇಲೆ ಸಣ್ಣ ಗೀರು ಮತ್ತು ಕಪ್ಪು ಪಟ್ಟಿ, ಪಕ್ಕೆಯಲ್ಲಿ ಬಿಳಿ ಚುಕ್ಕೆಯ ಕಂದು ಬಣ್ಣ. ಕೊಕ್ಕು ಗಾಢ ಕೆಂಪು. ಹೆಣ್ಣು ಬೂದು, ಕೊಕ್ಕು ಕಿತ್ತಳೆ. ಪೂರ್ತಿ ಬಿಳಿ ಹಕ್ಕಿಯಾದರೆ ಕೊಕ್ಕಿನ ಬಣ್ಣವೊಂದೇ ಗುರುತು.

ಬೆಂಗಾಲೀಸ್‌ನಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ. ಹಾಡೋದು ಗಂಡು ಮಾತ್ರ. ಹಾಗಾಗಿ ಅಂಗಡಿಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು, ಮೈ ಉಬ್ಬಿಸಿ ಕುಣಿಯುತ್ತಾ ಹಾಡುವ ಹಕ್ಕಿಯನ್ನು ಗುರುತು ಮಾಡಿಕೊಳ್ಳಬೇಕು.

ಜೀಬ್ರಾ ಫಿಂಚ್ ಮೂರು ತಿಂಗಳಿಗೇ ಮೊಟ್ಟೆ ಇಡುವ ವಯಸ್ಸಿಗೆ ಬರುತ್ತದೆ. ಬಂತು ಅಂತ ಗೂಡು ಕೊಡಬಾರದು. ಹೆಣ್ಣಿಗೆ ಆರರಿಂದ ಒಂಬತ್ತು ತಿಂಗಳು ಆಗಲಿ. ಎಳೆ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಬಿದ್ದು ಜೀವ ಹೋಗುವ ಅಪಾಯ ಹೆಚ್ಚು. ಒಂದೇ ಗೂಡಿನ ಅಣ್ಣ ತಂಗಿಯನ್ನು ಜೋಡಿ ಮಾಡಿದರೂ ಮರಿಗಳು ಬಲಹೀನ. ಎರಡು ಬೇರೆ ಬೇರೆ ಕಡೆಯಿಂದ ಗಂಡು ಹೆಣ್ಣು ತರೋದು ಜಾಣತನ.

ಹಿತ್ತಲ ಪಂಜರ ಹೀಗಿರಲಿ

ಒಂದು ಜೋಡಿಗೆ ಕನಿಷ್ಠ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಂಜರ ಬೇಕು. ಫಿಂಚ್ ಮೇಲೆ ಕೆಳಗೆ ಏರಿ ಇಳಿಯುವ ಹಕ್ಕಿ ಅಲ್ಲ, ಅಡ್ಡಕ್ಕೆ ಹಾರುವ ಹಕ್ಕಿ. ಎತ್ತರದ ಗುಂಡು ಪಂಜರ ನೋಡಲು ಚೆಂದ, ಹಕ್ಕಿಗೆ ಉಪಯೋಗ ಇಲ್ಲ. ನಾಲ್ಕೈದು ಜೋಡಿ ಇಡುವುದಾದರೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮನುಷ್ಯ ನಿಲ್ಲುವಷ್ಟು ಎತ್ತರದ ಜಾಲರಿ ಮನೆ ಕಟ್ಟಬಹುದು.

ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದು ಇರಬಾರದು. ಒಂದು ಇಂಚಿನ ಕೋಳಿ ಜಾಲರಿ ಹಾಕಿದರೆ ಫಿಂಚ್ ಹೊರಗೆ, ಹಾವು ಮತ್ತು ಇಲಿ ಒಳಗೆ. ಕೆಳಗೆ ಒಂದೂವರೆ ಅಡಿ ಇಟ್ಟಿಗೆ ಕಟ್ಟಿ, ನೆಲಕ್ಕೆ ಸಿಮೆಂಟ್ ಹಾಕಿದರೆ ಇಲಿ ಬಿಲ ತೋಡಿ ಬರಲ್ಲ. ಬಾಗಿಲು ಚಿಕ್ಕದಿರಲಿ, ಅದರ ಹೊರಗೆ ಇನ್ನೊಂದು ಪರದೆ ಇರಲಿ. ಕಾಳು ಹಾಕಲು ಬಾಗಿಲು ತೆಗೆದಾಗಲೇ ಹಕ್ಕಿ ತಪ್ಪಿಸಿಕೊಳ್ಳೋದು. ಹಿತ್ತಲಿನ ಬೆಕ್ಕು ಜಾಲರಿ ಮೇಲೆ ಕುಂತರೂ ಸಾಕು, ಹಕ್ಕಿಗಳು ರಾತ್ರಿಯಿಡೀ ಗಾಬರಿಯಲ್ಲಿ ಹಾರಾಡಿ ಗೂಡು ಬಿಟ್ಟುಬಿಡುತ್ತವೆ. ದೀಪಾವಳಿ ಪಟಾಕಿ ಸದ್ದಿಗೂ ಇದೇ ಗತಿ. ಆ ಮೂರು ರಾತ್ರಿ ಪಂಜರಕ್ಕೆ ಬಟ್ಟೆ ಮುಚ್ಚಿ, ಸಣ್ಣ ದೀಪ ಹಚ್ಚಿಡಬೇಕು.

ತಗಡಿನ ಚಾವಣಿ ಒಂದೇ ಇದ್ದರೆ ಅದು ಒಲೆ ಇದ್ದಂಗೆ. ತಗಡಿನ ಮೇಲೆ ಒಂದು ಅಡಿ ದಪ್ಪ ಕಬ್ಬಿನ ರವದಿ ಅಥವಾ ಜೋಳದ ಕಣಿಕೆ ಹಾಸಬೇಕು. ನಮ್ಮ ಕಡೆ ಇದಕ್ಕೆ ಬರ ಇಲ್ಲ. ಪಶ್ಚಿಮದ ಗೋಡೆ ಪೂರ್ತಿ ಮುಚ್ಚಿರಲಿ, ಮಧ್ಯಾಹ್ನ ಮೂರರ ಬಿಸಿಲು ಬರೋದು ಅಲ್ಲಿಂದಲೇ. ಪೂರ್ವಕ್ಕೆ ತೆರೆದಿರಲಿ, ಬೆಳಗಿನ ಎಳೆ ಬಿಸಿಲು ಹಕ್ಕಿಗೆ ಬೇಕು. ಮಳೆಗಾಲದಲ್ಲಿ ಗಾಳಿ ಬರುವ ಕಡೆ ತಾಡಪತ್ರಿ ಇಳಿಬಿಟ್ಟರೆ ಆಯ್ತು.

ಕಾಳು ನಮ್ಮ ಅಂಗಡಿಯಲ್ಲೇ ಸಿಗ್ತದೆ

ಫಿಂಚ್‌ಗೆ ಮುಖ್ಯ ಆಹಾರ ನವಣೆ. ಹಿಂದಿಯವರು ಕಂಗನಿ ಅನ್ನೋದು, ಮರಾಠಿಯವರು ರಾಳಾ ಅನ್ನೋದು ಇದನ್ನೇ. ಅದರ ಜೊತೆ ಸಾವೆ, ಬರಗು, ಸ್ವಲ್ಪ ರಾಗಿ ಸೇರಿಸಬಹುದು. ಇಡೀ ಜೋಳ ಅದರ ಕೊಕ್ಕಿಗೆ ದೊಡ್ಡದು. ಅಕ್ಕಿ ನುಚ್ಚು ಒಂದನ್ನೇ ಹಾಕಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಬರಲ್ಲ. ಶೇವು, ಚೂಡಾ, ಬಿಸ್ಕತ್ ಕೊಡಲೇಬಾರದು. ಉಪ್ಪು, ಎಣ್ಣೆ 12 ಗ್ರಾಂ ಜೀವಕ್ಕೆ ವಿಷ.

ನವಣೆಯನ್ನು ಕಿರಾಣಿ ಅಂಗಡಿಯಲ್ಲಿ ತಿನ್ನುವ ಕಾಳು ಅಂತ ಮಾರುವುದನ್ನೇ, ಸಿಪ್ಪೆ ಸಮೇತ ಇರೋದನ್ನೇ ತರಬೇಕು. ಬಿತ್ತನೆ ಬೀಜ ತರಬಾರದು. ಬಿತ್ತನೆ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಅದಕ್ಕೇ ಅದು ಕೆಂಪು, ಗುಲಾಬಿ, ನೀಲಿ ಬಣ್ಣದಲ್ಲಿ ಇರೋದು. ಹೊಲಕ್ಕೆ ಬಿತ್ತಿ ಉಳಿದ ಬೀಜ ಅಂತ ಒಂದು ಮುಷ್ಟಿ ಪಂಜರಕ್ಕೆ ಹಾಕಿದರೆ ಬೆಳಗಾಗುವುದರೊಳಗೆ ಎಲ್ಲ ಹಕ್ಕಿ ಸತ್ತಿರಬಹುದು. ಬೂಸ್ಟು ಹಿಡಿದ ಕಾಳೂ ಹಾಗೇ, ಅದರಲ್ಲೂ ವಿಷ ಇರುತ್ತದೆ.

ಖಾಲಿ ಹೊಟ್ಟಿನ ವಿಷಯ ಇಲ್ಲಿದೆ. ಫಿಂಚ್ ಕಾಳನ್ನು ಸುಲಿದು ತಿಂದು ಹೊಟ್ಟನ್ನು ಬಟ್ಟಲಲ್ಲೇ ಬಿಡುತ್ತದೆ. ನೋಡಿದವರಿಗೆ ಬಟ್ಟಲು ತುಂಬಿದಂಗೆ ಕಾಣುತ್ತದೆ. "ಕಾಳು ಇದೆಯಲ್ಲ" ಅಂತ ಮನೆಯವರು ಸುಮ್ಮನಾಗುತ್ತಾರೆ, ಒಳಗೆ ಇರೋದು ಬರೀ ಹೊಟ್ಟು. ಇಷ್ಟು ಸಣ್ಣ ಹಕ್ಕಿ ಒಂದು ದಿನ ಪೂರ್ತಿ ಕಾಳಿಲ್ಲದೆ ಇದ್ದರೆ ಪ್ರಾಣಕ್ಕೇ ಬರ್ತದೆ. ಮರಿ ಇದ್ದರಂತೂ ಮೊದಲು ಸಾಯೋದು ಮರಿ. ದಿನಾ ಬೆಳಗ್ಗೆ ಸಂಜೆ ಬಟ್ಟಲನ್ನು ಬಾಯಿಂದ ಊದಿ ಹೊಟ್ಟು ಹಾರಿಸಿ ನೋಡಬೇಕು. ಈ ಒಂದು ಅಭ್ಯಾಸಕ್ಕೆ ಖರ್ಚೇ ಇಲ್ಲ.

ಮೊಟ್ಟೆ ಇಡುವ ಹೆಣ್ಣಿಗೆ ಸುಣ್ಣದ ಅಂಶ ಬೇಕೇ ಬೇಕು. ಗಿಡಮೂಲಿಕೆ ಅಂಗಡಿಯಲ್ಲಿ ಸಮುದ್ರಫೇನ ಅಂತ ಸಿಗುವ ಬಿಳಿ ತುಂಡನ್ನು ಜಾಲರಿಗೆ ಸಿಗಿಸಿದರೆ ಹಕ್ಕಿ ತಾನೇ ಕೆರೆದು ತಿನ್ನುತ್ತದೆ. ಇಲ್ಲಾಂದ್ರೆ ಕೋಳಿಮೊಟ್ಟೆ ಸಿಪ್ಪೆಯನ್ನು ಚೆನ್ನಾಗಿ ಕುದಿಸಿ, ಒಣಗಿಸಿ, ಪುಡಿ ಮಾಡಿ ಇಡಬಹುದು. ಮೆಂತ್ಯ, ಪಾಲಕ್, ಕೊತ್ತಂಬರಿ ಸೊಪ್ಪು ಒಂದೆರಡು ಎಸಳು, ಔಷಧ ಹೊಡೆದಿರುವ ಭಯ ಇರುವುದರಿಂದ ಎರಡು ಮೂರು ಸಲ ತೊಳೆದು ಕೊಡಬೇಕು.

ಮರಿ ಇರುವಾಗ ಒಣಕಾಳು ಸಾಲದು. ಬೇಯಿಸಿದ ಕೋಳಿಮೊಟ್ಟೆಯನ್ನು ನುಣ್ಣಗೆ ಪುಡಿ ಮಾಡಿ ದಿನಾ ಒಂದು ಚಮಚ ಇಡೋದು ಎಲ್ಲ ಕಡೆ ನಡೆದು ಬಂದ ಪದ್ಧತಿ. ಎರಡು ಮೂರು ತಾಸಿನ ಮೇಲೆ ಉಳಿದದ್ದನ್ನು ಎಸೆಯಬೇಕು, ನಮ್ಮ ಸೆಕೆಗೆ ಅದು ಬೇಗ ಹಳಸುತ್ತದೆ. ಮನೆಯೊಳಗೆ ಮೊಟ್ಟೆ ತರದವರು ನವಣೆಯನ್ನು ನೆನೆಸಿ ಮೊಳಕೆ ಕಟ್ಟಿ ಕೊಡಬಹುದು. ಆಸ್ಟ್ರೇಲಿಯಾದ ಬಯಲಲ್ಲಿ ಜೀಬ್ರಾ ಫಿಂಚ್ ಮಳೆ ಬಿದ್ದು ಹುಲ್ಲು ತೆನೆ ಕಟ್ಟಿದ ಮೇಲೆ ಮರಿ ಮಾಡುತ್ತದೆ, ಹಾಲುಗಾಳನ್ನೇ ಮರಿಗೆ ಉಣಿಸುತ್ತದೆ. ನಮ್ಮಲ್ಲಿ ಜೋಳದ ಸಿಹಿತೆನೆ ತಿನ್ನುವ ಹೊತ್ತಿನಂಗೆ ಅದಕ್ಕೂ ಒಂದು ಹೊತ್ತು. ಹಾಲು ತುಂಬಿದ ನವಣೆ ತೆನೆ, ಸಜ್ಜೆ ತೆನೆ ಸಿಕ್ಕರೆ ಪಂಜರಕ್ಕೆ ಕಟ್ಟಿ ನೋಡ್ರಿ, ಮರಿ ಇರುವ ಜೋಡಿ ಬಿಟ್ಟು ಅಲ್ಲಾಡಲ್ಲ.

ಗೂಡಿನಿಂದ ಹಾರುವವರೆಗೆ ದಿನದ ಲೆಕ್ಕ

ಬಿದಿರಿನ ಸಣ್ಣ ಬುಟ್ಟಿ, ಬಾಯಿ ಕೊರೆದ ತೆಂಗಿನ ಚಿಪ್ಪು, ಕುಂಬಾರರ ಸಣ್ಣ ಮಡಿಕೆ, ಯಾವುದಾದರೂ ಗೂಡಿಗೆ ನಡೆಯುತ್ತದೆ. ಜೋಡಿ ಎಷ್ಟೋ ಅದರ ಎರಡರಷ್ಟು ಗೂಡು, ಎಲ್ಲ ಒಂದೇ ಎತ್ತರದಲ್ಲಿ ಇರಲಿ. ಇಲ್ಲಾಂದ್ರೆ ಮೇಲಿನ ಗೂಡಿಗೆ ಜಗಳ. ಒಳಗೆ ಹಾಸಲು ಒಣಹುಲ್ಲು, ಎರಡು ಇಂಚಿಗೆ ಕತ್ತರಿಸಿದ ತೆಂಗಿನ ನಾರು ಸಾಕು. ಹೊಲಿಗೆ ದಾರ, ಉದ್ದ ನೂಲು ಇಡಬಾರದು, ಕಾಲಿಗೆ ಸುತ್ತಿಕೊಂಡು ಕಾಲೇ ಹೋಗುತ್ತದೆ. ಮೊಟ್ಟೆ ಕಂಡ ದಿನವೇ ಉಳಿದ ಹುಲ್ಲು ನಾರು ತೆಗೆದುಬಿಡಬೇಕು. ಸಾಮಾನು ಕಣ್ಣಿಗೆ ಬೀಳುತ್ತಿದ್ದರೆ ಗಂಡು ಮೊಟ್ಟೆ ಮೇಲೆಯೇ ಮತ್ತೊಂದು ಹಾಸು ಕಟ್ಟುತ್ತದೆ, ಕೆಳಗಿನ ಮೊಟ್ಟೆ ಹಾಳು.

ದಿನಕ್ಕೊಂದರಂತೆ ನಾಲ್ಕರಿಂದ ಆರು ಮೊಟ್ಟೆ ಬರುತ್ತವೆ. ಮೂರು ನಾಲ್ಕು ಮೊಟ್ಟೆ ಆದ ಮೇಲೆ ಗಂಡು ಹೆಣ್ಣು ಪಾಳಿ ಮೇಲೆ ಕಾವು ಕೊಡುತ್ತವೆ. ಜೀಬ್ರಾ ಫಿಂಚ್‌ಗೆ 12ರಿಂದ 14 ದಿನ, ಬೆಂಗಾಲೀಸ್‌ಗೆ ಒಂದೆರಡು ದಿನ ಜಾಸ್ತಿ. ಆರನೇ ದಿನದ ಹೊತ್ತಿಗೆ ಮೊಬೈಲ್ ಟಾರ್ಚ್ ಹಿಂದೆ ಹಿಡಿದರೆ ಒಳಗೆ ಕೆಂಪು ನರ ಕಾಣುತ್ತದೆ. ಕಂಡರೆ ಜೀವ ಇದೆ ಅಂತ ಅರ್ಥ. ಆದರೆ ದಿನಾ ಗೂಡಿಗೆ ಕೈ ಹಾಕೋದು ಬೇಡ.

ಮರಿ ಹುಟ್ಟಿದಾಗ ತೂಕ ಒಂದು ಗ್ರಾಂ ಆಸುಪಾಸು. ಕಣ್ಣಿಲ್ಲ, ಪುಕ್ಕವಿಲ್ಲ. ಮೊದಲ ದಿನ ಹೊಟ್ಟೆಯೊಳಗಿನ ಹಳದಿ ಭಂಡಾರದ ಮೇಲೆ ಬದುಕುತ್ತದೆ. ವಾರಕ್ಕೆ ಕಣ್ಣು ಬಿಡುತ್ತದೆ. 18ರಿಂದ 21ನೇ ದಿನ ಗೂಡು ಬಿಟ್ಟು ಹೊರಗೆ ಬರುತ್ತದೆ, ಆಗ ಕೊಕ್ಕು ಇನ್ನೂ ಕಪ್ಪು. ಹೊರಗೆ ಬಂತು ಅಂತ ಬೇರೆ ಮಾಡಬಾರದು. ಇನ್ನೂ ಎರಡು ವಾರ ಅಪ್ಪ ಅಮ್ಮನೇ ತುತ್ತು ಕೊಡಬೇಕು. 35 ದಿನದ ಮೇಲೆ ತಾನೇ ಕಾಳು ಸುಲಿಯೋದು ಕಣ್ಣಾರೆ ನೋಡಿದ ನಂತರ ಬೇರೆ ಪಂಜರಕ್ಕೆ ಹಾಕಬಹುದು. ಅವಸರ ಮಾಡಿ 25ನೇ ದಿನಕ್ಕೆ ಮಾರಿದ ಮರಿ, ಕೊಂಡವರ ಮನೆಯಲ್ಲಿ ಕಾಳಿನ ಬಟ್ಟಲ ಮುಂದೆಯೇ ಹಸಿದು ಸಾಯುತ್ತದೆ.

ಗಂಡು ಮರಿ ಹಾಡು ಕಲಿಯೋದು ಅಪ್ಪನಿಂದ. ಮೂರು ತಿಂಗಳ ಒಳಗೆ ಕೇಳಿದ್ದೇ ಜೀವನ ಪೂರ್ತಿ ಹಾಡು. ಮನುಷ್ಯರ ಮಗು ಮಾತು ಕಲಿಯುವ ರೀತಿ ಅರಿಯಲು ವಿಜ್ಞಾನಿಗಳು ಈ ಹಕ್ಕಿಯನ್ನೇ ಹೆಚ್ಚಾಗಿ ನೋಡುತ್ತಾರೆ. ಕೋಳಿ ಬಿಟ್ಟರೆ ಪೂರ್ತಿ ವಂಶವಾಹಿ ನಕ್ಷೆ ಓದಿದ ಎರಡನೇ ಹಕ್ಕಿ ಇದು, ಅದು ಪ್ರಕಟವಾಗಿದ್ದು 2010ರಲ್ಲಿ. ಹಾಗಾಗಿ ಗಂಡು ಮರಿಗಳನ್ನು ಬೇರೆ ಮಾಡಿದರೂ ಅಪ್ಪನ ದನಿ ಕೇಳುವಷ್ಟು ಹತ್ತಿರ ಇಡಬೇಕು.

ಬೇಸಿಗೆಯಲ್ಲಿ ಯಾಕೆ ಬೇಡ

ಮೊಟ್ಟೆಗೆ ಬೇಕಾದ ಕಾವು 37 ಡಿಗ್ರಿ ಆಸುಪಾಸು. ಹೊರಗೆ 42 ಇದ್ದು, ಮಡಿಕೆಯೊಳಗೆ ಅದಕ್ಕಿಂತ ಜಾಸ್ತಿ ಆಗಿ ತಾಸುಗಟ್ಟಲೆ ನಿಂತರೆ ಮೊಟ್ಟೆ ಒಳಗಿನ ಜೀವ ಉಳಿಯೋದು ಕಷ್ಟ. ಇದು ಎಲ್ಲರಿಗೂ ಅರ್ಥ ಆಗುವ ಮಾತು.

ಕಣ್ಣಿಗೆ ಕಾಣದ ಇನ್ನೊಂದು ಪೆಟ್ಟಿದೆ. ತಂಪು ದಿನಗಳಲ್ಲಿ ಮೊದಲ ಮೊಟ್ಟೆ ಸುಮ್ಮನೆ ಬಿದ್ದಿರುತ್ತದೆ, ಹಕ್ಕಿ ಕೂತ ಮೇಲೆಯೇ ಎಲ್ಲವೂ ಒಟ್ಟಿಗೆ ಬೆಳೆಯಲು ಶುರು. ಹಾಗಾಗಿ ಮರಿಗಳು ಹೆಚ್ಚು ಕಡಿಮೆ ಒಟ್ಟಿಗೇ ಹುಟ್ಟುತ್ತವೆ. ಬೇಸಿಗೆಯಲ್ಲಿ ಹಕ್ಕಿ ಕೂರುವ ಮೊದಲೇ ಗಾಳಿಯ ಬಿಸಿಗೇ ಮೊದಲ ಮೊಟ್ಟೆ ಬೆಳೆಯಲು ಶುರು ಮಾಡುತ್ತದೆ. ಮೊದಲನೆಯ ಮರಿಗೂ ಕೊನೆಯ ಮರಿಗೂ ದಿನಗಳ ಅಂತರ ಬೀಳುತ್ತದೆ. ದೊಡ್ಡದು ಬಾಯಿ ಚಾಚಿ ಎಲ್ಲ ತುತ್ತು ಕಸಿಯುತ್ತದೆ, ಸಣ್ಣದು ಕೆಳಗೆ ಸಿಕ್ಕು ಸಾಯುತ್ತದೆ. "ಒಂದೊಂದಾಗಿ ಸತ್ತವು" ಅನ್ನುವ ದೂರಿಗೆ ಇದೂ ಒಂದು ಕಾರಣ.

ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಮಿಲೀನ್ ಮಾರಿಯೆಟ್ ಮತ್ತು ಕ್ಯಾಥರಿನ್ ಬುಕಾನನ್ 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ವಿಷಯ ಪ್ರಕಟಿಸಿದರು. ಬಿಸಿ 26 ಡಿಗ್ರಿ ದಾಟಿದಾಗ ಜೀಬ್ರಾ ಫಿಂಚ್ ತಾಯಿ ತಂದೆ, ಮರಿ ಹೊರಬರುವ ಕೊನೆಯ ದಿನಗಳಲ್ಲಿ ಮೊಟ್ಟೆಗೆ ಒಂದು ವಿಶೇಷ ದನಿ ಕೇಳಿಸುತ್ತವೆ. ಆ ದನಿ ಕೇಳಿದ ಮರಿಗಳು ಬಿಸಿ ಗೂಡಿನಲ್ಲಿ ಕಡಿಮೆ ತೂಕಕ್ಕೆ ಬೆಳೆದವು. ಸಣ್ಣ ಮೈ ಬೇಗ ಬಿಸಿ ಬಿಡುತ್ತದೆ, ಸೆಕೆ ತಡೆಯಲು ಅದೇ ಉಪಾಯ. ಅಂದರೆ ಹೊರಗೆ ಸೆಕೆ ಕಾದಿದೆ ಅಂತ ಅಪ್ಪ ಅಮ್ಮ ಮೊಟ್ಟೆಯೊಳಗಿನ ಮರಿಗೆ ಮೊದಲೇ ಹೇಳಿಬಿಡುತ್ತವೆ. ಆದರೆ ಇದನ್ನು ಕೇಳಿ "ಹಂಗಾದ್ರೆ ನಮ್ಮ ಬಿಸಿಲೂ ತಡೀತಾವೆ" ಅಂದುಕೊಳ್ಳಬಾರದು. ಬಯಲಿನ ಹಕ್ಕಿ ನೆರಳು, ನೀರು ಹುಡುಕಿ ಹಾರಿ ಹೋಗುತ್ತದೆ. ತಗಡಿನ ಕೆಳಗಿನ ಹಕ್ಕಿಗೆ ಆ ದಾರಿ ಇಲ್ಲ.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಮೊಟ್ಟೆ ಇಡಲು ಐದು ದಿನ, ಕಾವಿಗೆ 13, ಗೂಡು ಬಿಡಲು 20, ಸ್ವಂತ ತಿನ್ನಲು ಇನ್ನೂ 15. ಒಟ್ಟು 53 ದಿನ. ಮಾರ್ಚ್ ಕೊನೆಗೆ ಬಿಸಿಲು ಏರುತ್ತದೆ ಅಂದರೆ ಜನವರಿ ಕೊನೆಯ ನಂತರ ಹೊಸ ಮೊಟ್ಟೆಗೆ ಅವಕಾಶ ಕೊಡಬಾರದು. ಆಗಸ್ಟ್ 15ಕ್ಕೆ ಗೂಡು ಕೊಟ್ಟರೆ ಮೊದಲ ಸಲದ ಮರಿ ಅಕ್ಟೋಬರ್ ಮೊದಲ ವಾರಕ್ಕೆ ಸ್ವತಂತ್ರ. ಎರಡು ವಾರ ಗೂಡು ತೆಗೆದು ವಿಶ್ರಾಂತಿ. ಎರಡನೇದು ಡಿಸೆಂಬರ್ ಮಧ್ಯಕ್ಕೆ, ಮತ್ತೆ ವಿಶ್ರಾಂತಿ. ಮೂರನೇದು ಫೆಬ್ರವರಿ ಮೂರನೇ ವಾರಕ್ಕೆ ಮುಗಿಯುತ್ತದೆ. ವರ್ಷಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಡ, ಹೆಣ್ಣಿನ ಮೂಳೆಯ ಸುಣ್ಣವೇ ಮೊಟ್ಟೆಯಾಗಿ ಹೋಗುತ್ತದೆ. ಡಿಸೆಂಬರ್, ಜನವರಿ ರಾತ್ರಿ ಚಳಿಗೆ ಉತ್ತರದ ಕಡೆ ಗೋಣಿ ಪರದೆ ಬಿಟ್ಟರೆ ಸಾಕು.

ಮೂರನೇ ಮರಿ ಎದ್ದ ಮೇಲೆ ಗೂಡು, ಹುಲ್ಲು, ನಾರು ಎಲ್ಲ ಹೊರಗೆ. ಸಾಧ್ಯವಿದ್ದರೆ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ. ಬೇಸಿಗೆಯಲ್ಲಿ ಬಾಯಿ ತೆರೆದು ರೆಕ್ಕೆ ಅಗಲಿಸಿ ಕೂತರೆ ಸೆಕೆ ಮಿತಿ ಮೀರಿದೆ ಅಂತ ಅರ್ಥ. ಒದ್ದೆ ಗೋಣಿಚೀಲ ಪಶ್ಚಿಮಕ್ಕೆ ಕಟ್ಟಿ, ನೀರು ದಿನಕ್ಕೆ ಎರಡು ಸಲ ಬದಲಿಸಿ, ಸ್ನಾನಕ್ಕೆ ಒಂದು ಇಂಚು ಆಳದ ತಟ್ಟೆ ಇಡಬೇಕು. ಅದಕ್ಕಿಂತ ಆಳ ಇದ್ದರೆ ಎಳೆ ಹಕ್ಕಿ ಮುಳುಗುತ್ತದೆ.

ಮರಿ ಕೆಳಗೆ ಬಿದ್ದರೆ

ಬಿದ್ದ ಮರಿಯನ್ನು ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನೋದು ಸುಳ್ಳು. ತಣ್ಣಗಾಗಿದ್ದರೆ ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ ಗೂಡಿಗೇ ಇಡಬೇಕು. ತಣ್ಣಗಿನ ಮರಿಗೆ ತುತ್ತು ಕೊಟ್ಟರೆ ಅರಗಲ್ಲ. ಅಪ್ಪ ಅಮ್ಮ ಉಣಿಸುತ್ತಿಲ್ಲ ಅಂದರೆ ಮೊದಲ ದಾರಿ, ಅದೇ ವಯಸ್ಸಿನ ಮರಿ ಇರುವ ಬೆಂಗಾಲೀಸ್ ಜೋಡಿಯ ಗೂಡಿಗೆ ಹಾಕೋದು. ಒಂದು ಗ್ರಾಂ ಮರಿಗೆ ಕೈಯಿಂದ ಉಣಿಸಿ ಬದುಕಿಸೋದು ಅನುಭವಿಗಳಿಗೂ ಕಷ್ಟ. ಹಾಲು ಹಾಕಲೇಬಾರದು, ಹಕ್ಕಿಗೆ ಹಾಲು ಅರಗಲ್ಲ. ಬಾಯಿಗೆ ನೀರು ಹನಿಸಿದರೆ ಶ್ವಾಸಕ್ಕೆ ಹೋಗುತ್ತದೆ.

ಹೆಣ್ಣು ಮೈ ಉಬ್ಬಿಸಿ ನೆಲದ ಮೇಲೆ ಕೂತು, ಹಿಂಭಾಗ ಊದಿದಂಗೆ ಕಂಡರೆ ಮೊಟ್ಟೆ ಸಿಕ್ಕಿಬಿದ್ದಿದೆ. ತಡ ಮಾಡದೆ ಬೆಚ್ಚಗಿನ ಪೆಟ್ಟಿಗೆಗೆ ಹಾಕಿ ಪಶುವೈದ್ಯರಿಗೆ ತೋರಿಸಬೇಕು, ಒತ್ತಿ ತೆಗೆಯಲು ಹೋಗಬಾರದು. ಬೀದರಿನ ನಂದಿನಗರದಲ್ಲಿ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಪಶುವೈದ್ಯಕೀಯ ಕಾಲೇಜು ಎರಡೂ ಇವೆ. ಹಕ್ಕಿ ವಿಷಯ ವಿಚಾರಿಸಲು ನಮ್ಮ ಜಿಲ್ಲೆಯವರು ಬೆಂಗಳೂರಿಗೆ ಹೋಗಬೇಕಿಲ್ಲ.

ಹಿತ್ತಲಲ್ಲಿ ಕೋಳಿ ಇರುವ ಮನೆಯವರು ಕೋಳಿ ಗೂಡು ಮುಟ್ಟಿದ ಕೈ ತೊಳೆದೇ ಫಿಂಚ್ ಪಂಜರಕ್ಕೆ ಕೈ ಹಾಕಬೇಕು. ಕೊಕ್ಕರೆ ರೋಗ, ಹೇನು ಎರಡೂ ಹಾಗೇ ದಾಟುತ್ತವೆ. ಹೊಸ ಹಕ್ಕಿ ತಂದರೆ ಒಂದು ತಿಂಗಳು ಬೇರೆ ಇಡಬೇಕು. ಅಡುಗೆಮನೆ ಪಕ್ಕ ಪಂಜರ ಬೇಡ. ಖಾಲಿ ನಾನ್‌ಸ್ಟಿಕ್ ತವೆ ಜೋರು ಕಾದಾಗ ಬರುವ ಹೊಗೆಗೆ ಸಣ್ಣ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ.

ವ್ಯಾಪಾರ ಮಾಡುವವರಿಗೆ ಎರಡು ಮಾತು

ಎರಡು ಜೋಡಿ, ವರ್ಷಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಮರಿ ಅಂದರೆ 24 ಹಕ್ಕಿ. ಮರಿಗಳೂ ತಿಂಗಳುಗಳಲ್ಲೇ ಮೊಟ್ಟೆ ಇಡಲು ಶುರು. ಕೊಳ್ಳುವವರು ಯಾರು ಅಂತ ಗೊತ್ತಿಲ್ಲದೆ ಸಂಖ್ಯೆ ಬೆಳೆಸಿದರೆ ಕಾಳಿನ ಖರ್ಚು ಬೆಳೆಯುತ್ತದೆ, ಪಂಜರ ಕಿರಿದಾಗುತ್ತದೆ, ಜಗಳಕ್ಕೆ ಮರಿ ಸಾಯುತ್ತವೆ. ಅಂಗಡಿ ಇಟ್ಟು ಹಕ್ಕಿ ಮಾರುವವರಿಗೆ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು. ಕಿರಾಣಿ ಅಂಗಡಿಯವರಿಗೆ ಇದಕ್ಕಿಂತ ಸರಳ ದಾರಿ ಇದೆ: ಸಿಪ್ಪೆ ಸಮೇತ ಇರುವ, ಔಷಧ ತಾಗದ ನವಣೆ, ಸಾವೆ ಇಟ್ಟರೆ ಹಕ್ಕಿ ಸಾಕುವವರು ಅದಕ್ಕಾಗಿ ಬಸವಕಲ್ಯಾಣ, ಬೀದರ್ ಅಂತ ಓಡಾಡೋದು ತಪ್ಪುತ್ತದೆ.

ಸಾಕಲು ಆಗಲಿಲ್ಲ ಅಂತ ಬಾಗಿಲು ತೆಗೆದು ಹಾರಿಬಿಡೋದು ಪುಣ್ಯದ ಕೆಲಸ ಅಲ್ಲ. ಪಂಜರದಲ್ಲಿ ಹುಟ್ಟಿದ ಫಿಂಚ್‌ಗೆ ಬೆಕ್ಕು ಗೊತ್ತಿಲ್ಲ, ಹದ್ದು ಗೊತ್ತಿಲ್ಲ, ನೀರು ಎಲ್ಲಿ ಅಂತ ಗೊತ್ತಿಲ್ಲ. ಗೊತ್ತಿರುವವರಿಗೆ ಕೊಟ್ಟುಬಿಡೋದೇ ಸರಿ.

ಚೆನ್ನಾಗಿ ನೋಡಿಕೊಂಡರೆ ಫಿಂಚ್ ಐದರಿಂದ ಎಂಟು ವರ್ಷ ಬದುಕುತ್ತದೆ. ಆಗಸ್ಟಿಗೆ ಗೂಡು ಇಡ್ರಿ, ಫೆಬ್ರವರಿಗೆ ತೆಗೀರಿ, ದಿನಾ ಬಟ್ಟಲು ಊದಿ ನೋಡ್ರಿ. ಬೀದರ್ ಬಿಸಿಲಲ್ಲೂ ಮರಿ ಉಳೀತಾವೆ.